ಬಾಲದ ಮೇಲೆ ಕುಳಿತ ಲಿಬರೇಟರ್

ಕುಂತಂಥ ದೈವಕ್ಕೆ ಕೈಮುಗಿದು ಹೇಳುತ್ತೇನೆ. ಮುಧೋಳದ ಮಹಾಜನರೇ, ಜಮಖಂಡಿಯಿಂದ ಬಂದ ನನ್ನ ಓಣಿಯವರೇ, ಬೀಳಗಿಯ ರಸಿಕರೇ, ರಬಕವಿ-ಬನಹಟ್ಟಿಯ ನೇಕಾರ ಬಂಧುಗಳೇ, ಹಿಂದೆ ನಿಂತವರು ಮುಂದೆ ಬನ್ನಿ, ಮುಂದೆ ಕುಂತವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಳ್ಳಿ. ಈ ಸಂಜೆ ಪೇಟಿ ಇಲ್ಲ, ತಬಲಾ ಇಲ್ಲ, ಬಣ್ಣ ಹಚ್ಚಿದ ಮುಖವಿಲ್ಲ. ಎಷ್ಟೋ ನಾಟಕ ಕಂಪನಿಗಳ ಪರದೆಯ ಗಾಲಿ ತಿರುಗಿಸಿದ ಈರಪ್ಪನ ನೆನಪಿಗೆ ನಾಲ್ಕು ಒಳ್ಳೆಯ ಮಾತು ಆಡಲೆಂದು ನನ್ನನ್ನು ಕರೆದಿದ್ದೀರಿ. ಒಳ್ಳೆಯ ಮಾತು ನನ್ನಲ್ಲಿಲ್ಲ. ಇರುವುದು ಒಂದು ಫಿರ್ಯಾದು. ಮಣ್ಣಿಗೆ ಹೋಗಿ ತಿಂಗಳಾದವನ ಮೇಲೆ ಫಿರ್ಯಾದೇ ಎಂದು ಕೇಳಬೇಡಿ. ಅವನಿಗೇ ಬರೆದ ಕಾಗದವನ್ನು ನಿಮ್ಮ ಮುಂದೆ ಓದುತ್ತೇನೆ. ತೀರ್ಪು ನೀವು ಕೊಡಿ.

ದೋಸ್ತ ಈರಪ್ಪ,

ಬೀಳಗಿಯಲ್ಲಿ ನಮ್ಮ ಕಂಪನಿ ಟೆಂಟು ಹೊಡೆದ ವರ್ಷ ನೆನಪಿದೆಯೇ? ನೀನು ಬನಹಟ್ಟಿಯಿಂದ ಪರದೆ ರಿಪೇರಿಗೆ ಬಂದ ಮಗ್ಗದ ಮಿಸ್ತ್ರಿ, ನಾನು ಕೊನೆಯ ದೃಶ್ಯದಲ್ಲಿ ಗುಂಡು ತಿಂದು ಸಾಯುವ ಸುಬೇದಾರ. ವೈರಿಯ ವಿಮಾನವೊಂದು ತಂತಿಯ ಮೇಲೆ ಸರಿದು ಹೋಗಬೇಕಿತ್ತು. ಬಿದಿರು, ರಟ್ಟು, ಸೈಕಲ್ಲಿನ ಕಡ್ಡಿ ಸೇರಿಸಿ ಅದನ್ನು ಕಟ್ಟಿದವನು ನೀನು. ಮೂರನೆಯ ಪ್ರಯೋಗದಲ್ಲಿ ಅದು ಸರಿಯಾಗಿ ನನ್ನ ಹೆಣದ ಮೇಲೆ ಬಂದು ಸಿಕ್ಕಿಹಾಕಿಕೊಂಡಿತು. ಏನು ಮಾಡಲಿ? ಸತ್ತವನು ಎದ್ದು ಕುಳಿತು, "ನೋಡಿರಿ, ಈ ವೀರನ ಸಾವಿಗೆ ವೈರಿಯ ವಿಮಾನವೂ ನಿಂತು ಕಣ್ಣೀರಿಡುತ್ತಿದೆ" ಎಂದು ಮತ್ತೆ ಸತ್ತೆ. ಜನ ಒನ್ಸ್ ಮೋರ್ ಅಂದರು. ಮೂರನೆಯ ಸಲ ಸಾಯಲು ಅಣಿಯಾಗುತ್ತಿರುವಾಗ ಪರದೆಯ ಹಿಂದಿನಿಂದ ನಿನ್ನ ದನಿ ಬಂತು: "ಎಟ್ಟ ಸಲ ಸಾಯ್ತೀಲೇ ಮಲ್ಯಾ, ತಂತಿ ಹಿಡದು ನನ್ನ ಕೈ ಸೋತು ಬಂತು." ನಮ್ಮ ದೋಸ್ತಿ ಅಲ್ಲಿಂದ.

ಮರುವರ್ಷ ನೀನು ಕೊಲ್ಲಾಪುರದಿಂದ ಒಂದು ಸಣ್ಣ ಪೆಟ್ಟಿಗೆ ತಂದೆ. ಒಳಗೆ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಹಣ್ಣಿನಂತೆ ತೂಗುವ ರೆಕ್ಕೆ, ಬಾಲ, ಗಾಲಿ, ಉಗುರಿನಷ್ಟು ಪೈಲಟ್. ಬಿಡಿಭಾಗ ಕಿತ್ತು ಅಂಟಿಸಿ ಕಟ್ಟುವ ಎರಡನೆಯ ಮಹಾಯುದ್ಧದ ವಿಮಾನ, ಎಪ್ಪತ್ತೆರಡು ಪಟ್ಟು ಸಣ್ಣದು. "ರಟ್ಟಿನ ವಿಮಾನದಾಗ ಮರ್ಯಾದಿ ಹೋತು, ಈಗ ಖರೆ ವಿಮಾನ ಕಟ್ಟೂಣು" ಅಂದೆ. ಅವತ್ತಿನಿಂದ ಮೂವತ್ತು ವರ್ಷ, ನಲವತ್ತೊಂದು ವಿಮಾನ. ಇಂಗ್ಲಿಷರದು, ಜರ್ಮನರದು, ಜಪಾನಿನದು, ಎಲ್ಲವೂ ನಿನ್ನ ಮನೆಯ ಒಂದೇ ಗಾಜಿನ ಕಪಾಟಿನಲ್ಲಿ. ವಿಮಾನ ಹತ್ತುವುದಿರಲಿ, ವಿಮಾನ ನಿಲ್ದಾಣದ ಬಾಗಿಲನ್ನೂ ನೋಡದ ಇಬ್ಬರು ನಾವು.

ನಿನ್ನ ಮನೆಯಲ್ಲಿ ಮೊದಲ ಸಲ ಬ್ರಷ್ ಹಿಡಿದ ದಿನ ನಾನೆಳೆದ ಗೆರೆ ಹಾವಿನಂತೆ ಓಡಿತ್ತು. ಪಕ್ಕದ ಮನೆಯಲ್ಲಿ ಕರೆಂಟಿನ ಮಗ್ಗ, ಹಿಂದಿನ ಮನೆಯಲ್ಲಿ ಮಗ್ಗ. ನೆಲ ನಡುಗುತ್ತಿತ್ತು, ಟೇಬಲ್ ನಡುಗುತ್ತಿತ್ತು, ಚಹಾದ ಬಸಿಯಲ್ಲಿ ತೆರೆ ಏಳುತ್ತಿತ್ತು. ಅಂಟು ಹಚ್ಚಬಹುದು, ಪಾಲಿಶ್ ಪೇಪರ್ ಉಜ್ಜಬಹುದು. ಪೈಲಟ್ ಕೂರುವ ಗಾಜಿನ ಗೂಡಿಗೆ ಕೂದಲೆಳೆಯಂಥ ಗೆರೆ ಎಳೆಯಬೇಕೆಂದರೆ ಕರೆಂಟು ಹೋಗಬೇಕು. ಬನಹಟ್ಟಿಯ ಮಂದಿಯೆಲ್ಲ ಕರೆಂಟಿನವರಿಗೆ ಶಾಪ ಹಾಕುವ ದಿನ ನಮಗೆ ಹಬ್ಬ. "ಹೋತಲೇ ಮಲ್ಯಾ, ದಿನಪೂರ್ತಿ ಇಲ್ಲಂತ, ಬಾ" ಎಂದು ನಿನ್ನ ಫೋನು. ಜಮಖಂಡಿಯಿಂದ ನಾನು ಸಿಕ್ಕ ಗಾಡಿ ಹತ್ತಿ ಬರುತ್ತಿದ್ದೆ. ಆ ಮೌನದಲ್ಲಿ ಎರಡು ಬ್ರಷ್ಷು. ಇಡೀ ಜನ್ಮದಲ್ಲಿ ನಾನು ಸುಮ್ಮನೆ ಕುಳಿತದ್ದು ಅಷ್ಟೇ ಹೊತ್ತು.

ಕೆಲಸ ಹಂಚಿಕೊಂಡದ್ದೂ ನೀನೇ. ಜೋಡಣೆ ನಿನ್ನದು, ಮುಖಗಳು ನನ್ನವು. ಬಣ್ಣದ ಪೆಟ್ಟಿಗೆ ಇಟ್ಟುಕೊಂಡವನಲ್ಲವೇ ನಾನು. ಇನ್ನೊಂದು ಕೆಲಸವೂ ನನ್ನದು: ಭಾರ ತುಂಬುವುದು. ಮೂತಿಯ ಕೆಳಗೆ ಗಾಲಿಯಿರುವ ವಿಮಾನಗಳ ಪ್ಲಾಸ್ಟಿಕ್ ಒಡಲು ಟೊಳ್ಳು. ಒಡಲಿನ ಎರಡು ಹೋಳು ಅಂಟಿಸುವ ಮೊದಲೇ ಮೂತಿಯಲ್ಲಿ ಸೀಸ ತುಂಬದಿದ್ದರೆ, ಕಟ್ಟಿದ ಮೇಲೆ ವಿಮಾನ ಬಾಲ ಊರಿ, ಮೂತಿ ಮೇಲೆ ಮಾಡಿ ಕುಳಿತುಬಿಡುತ್ತದೆ. ನಕ್ಷೆಯ ಹಾಳೆಯಲ್ಲಿ ಆ ಹಂತ ಬಂದಾಗ ನೀನು ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ವಿಮಾನವನ್ನು ಮಣೆಯ ಸಮೇತ ನನ್ನ ಕಡೆ ಸರಿಸುತ್ತಿದ್ದೆ. ಮಾತಿಲ್ಲ. ನಾನು ಸೀಸದ ಗುಂಡು ತುಂಬಿ, ಅಂಟು ಸುರಿದು, ವಾಪಸು ಸರಿಸುತ್ತಿದ್ದೆ.

ಪುಣೆಯಲ್ಲಿ ಲಿಬರೇಟರ್ ಕೊಂಡ ದಿನ ನೀನು ಆ ಪೆಟ್ಟಿಗೆಯನ್ನು ಎತ್ತಿಕೊಂಡ ರೀತಿ ನನ್ನ ಕಣ್ಣ ಮುಂದಿದೆ. ನಾಲ್ಕು ಎಂಜಿನ್ನಿನ ಬಾಂಬರ್, ಪೆಟ್ಟಿಗೆ ನಮ್ಮ ಪೇಟಿಗಿಂತ ದೊಡ್ಡದು. ನಾನು ಬಸ್ಸಿನಲ್ಲೇ ಒಡೆಯಲು ಹೊರಟೆ. ನೀನು ಕೈ ತಡೆದೆ.

"ಅವಸರ ಮಾಡಬ್ಯಾಡಲೇ. ಇದನ್ನ ನೀ ನಾಟಕದ ಬಣ್ಣ ಬಿಟ್ಟ ದಿನ ಒಡಿಯೂಣು. ಇಬ್ಬರೂ ಕುಂತು. ಒಬ್ಬನ ಒಡದ್ರ ಅಂವ ದೋಸ್ತ ಅಲ್ಲ."

ಇದು ನಿನ್ನ ಮಾತು. ನನ್ನ ಸಂಭಾಷಣೆಯಲ್ಲ, ನಿನ್ನದು. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೂಂ ಅಂದೆ. ಹಿಪ್ಪರಗಿಯಲ್ಲಿ ಮೀನು ಹಿಡಿಯುವವರ ಹರಿದ ಬಲೆಯಿಂದ ಸೀಸದ ಗುಂಡು ಬೇಡಿ ತಂದು, ತಂಬಾಕಿನ ಡಬ್ಬಿಯಲ್ಲಿ ತುಂಬಿ, ಮೇಲೆ "ಲಿಬರೇಟರಿನ ಪಾಲು" ಎಂದು ಬರೆದು ನನ್ನ ಬಣ್ಣದ ಪೆಟ್ಟಿಗೆಯ ತಳದಲ್ಲಿಟ್ಟೆ. ಎಷ್ಟು ವರ್ಷ ಇಟ್ಟುಕೊಂಡೆ ಈರಪ್ಪ? ಒಂದು ದಿನವಾದರೂ ನಿನ್ನ ಕಪಾಟಿನ ಮೇಲಿನ ಆ ಪೆಟ್ಟಿಗೆಯನ್ನು ಮುಟ್ಟಿದೆನೇ?

ಕಳೆದ ರವಿವಾರ ನಿನ್ನ ಮನೆಯಾಕೆ ಗಂಗವ್ವ ವೈನಿ ಹೇಳಿಕಳಿಸಿದರು. ಹೋದೆ. "ಅಣ್ಣಾರ, ನಿಮ್ಮ ವಿಮಾನ ನೀವು ಒಯ್ದುಬಿಡ್ರಿ. ಧೂಳಾ ಝಾಡಿಸಾಕ ನನಗ ಧೈರ್ಯ ಸಾಲೂದಿಲ್ಲ, ಮುಟ್ಟಿದ್ರ ಮುರಿತಾವ" ಅಂದರು. ಕುರ್ಚಿ ಹಾಕಿ ಹತ್ತಿ ಮೊದಲು ಆ ದೊಡ್ಡ ಪೆಟ್ಟಿಗೆಗೇ ಕೈ ಹಾಕಿದೆ. ಹತ್ತಿಯಂತೆ ಹಗುರವಾಗಿ ಮೇಲೆ ಬಂತು. ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಬರೀ ಖಾಲಿ ಚೌಕಟ್ಟು, ಹಣ್ಣು ಕಿತ್ತ ಗಿಡದ ಹಾಗೆ. ಮುಚ್ಚಳ ಹಿಡಿದೇ ವೈನಿಯ ಕಡೆ ತಿರುಗಿದೆ.

"ಅದು ಆ ಖೋಲ್ಯಾಗ ಐತ್ರಿ," ಅಂದರು ವೈನಿ, ನನ್ನ ಮುಖ ನೋಡದೆ.

ಒಳಗೆ ಹೋಗಿ ಬಟ್ಟೆ ಸರಿಸಿದೆ. ಲಿಬರೇಟರ್. ಹಸಿರು, ಕಂದು, ನಾಲ್ಕು ಎಂಜಿನ್ನು, ಗಾಜಿನ ಗೂಡಿನ ಒಂದೊಂದು ಗೆರೆಯೂ ತಪ್ಪಿಲ್ಲ. ನಾವು ಕಟ್ಟಿದ ನಲವತ್ತೊಂದರಲ್ಲಿ ಒಂದೂ ಅಷ್ಟು ಚೆಂದ ಇಲ್ಲ. ನಾನಿಲ್ಲದ್ದಕ್ಕೇ ಅಷ್ಟು ಚೆಂದವಾಯಿತೇನು? ಆದರೆ ಅದು ಬಾಲ ಊರಿ ಕುಳಿತಿತ್ತು. ಮೂತಿ ಮಾಳಿಗೆಯ ಕಡೆಗೆ, ಮುಂದಿನ ಗಾಲಿ ಗಾಳಿಯಲ್ಲಿ. "ಹಾರಾಕ ನಿಂತಂಗ ಮಾಡ್ಯಾರ ನೋಡ್ರಿ" ಅಂದರು ವೈನಿ, ಪಾಪ. ಹೌದು ವೈನಿ ಅಂದೆ. ಕಪಾಟಿನಲ್ಲಿದ್ದ ಒಂದನ್ನೂ ಮುಟ್ಟದೆ ಬರಿಗೈಯಲ್ಲಿ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕುಳಿತಾಗ ಒಂದೊಂದೇ ನೆನಪಾಗತೊಡಗಿತು. ಹೋದ ಚಳಿಗಾಲದಲ್ಲಿ ಪೇಪರು ನೋಡಿ ಫೋನ್ ಮಾಡಿದ್ದೆನಲ್ಲ: "ಇವತ್ತ ನಿಮ್ಮ ಕಡೆ ಕರೆಂಟ್ ಇಲ್ಲಂತಲ್ಲೋ, ಬರಲೇನು?" ನೀನು ಏನಂದೆ? "ಇಲ್ಲಲೇ, ತಗದಿಲ್ಲ. ಮಗ್ಗ ಓಡಾಕತ್ತಾವ. ಬರಬ್ಯಾಡ." ನಿನ್ನ ದನಿಯ ಹಿಂದೆ ಗುಬ್ಬಿಯ ಸದ್ದಿತ್ತು, ಯಾರೋ ಕೊಡ ಇಳಿಸಿದ ಸದ್ದಿತ್ತು. ಮಗ್ಗದ ಸದ್ದು ಇರಲಿಲ್ಲ. ಪರದೆಯ ಹಿಂದೆ ನಿಂತು ಎಷ್ಟು ಕುರ್ಚಿ ಖಾಲಿ ಇವೆ ಎಂದು ಕಿವಿಯಿಂದಲೇ ಹೇಳುವವನು ನಾನು. ನನಗೆ ಕೇಳಲಿಲ್ಲವೇ? ಕೇಳಿತು. ಈರಪ್ಪ ಸುಳ್ಳು ಹೇಳಲಾರ ಎಂದು ನನ್ನ ಕಿವಿಯನ್ನೇ ನಂಬಲಿಲ್ಲ. ಮೂರು ಸಲ ಕೇಳಿದೆ, ಮೂರು ಸಲವೂ ಅದೇ ಉತ್ತರ. ನಟನಿಗೆ ಸುಳ್ಳು ಹೇಳುವವನು ಹಿನ್ನೆಲೆ ಸಂಗೀತವನ್ನಾದರೂ ನೋಡಿಕೊಳ್ಳಬೇಡವೇ?

ನಿನ್ನೆ ಮತ್ತೆ ಹೋದೆ, ಜಗಳಕ್ಕೇ ಹೋದೆ. ಸತ್ತವನೊಡನೆ ಆಗದ ಜಗಳ ಬದುಕಿದವರ ಮೇಲೆ ಹೋಯಿತು. "ವೈನಿ, ನೀವಾದ್ರೂ ಒಂದ ಮಾತ ಹೇಳಬೇಕಿತ್ತಲ್ಲ" ಅಂದೆ. ನೀನು ಹಠಾತ್ತನೆ ಹೋದೆ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆಗ ಅವರು ಎಲ್ಲ ಹೇಳಿದರು. ಮಗ್ಗದ ಸಾಮಾನಿಗೆಂದು ಇಚಲಕರಂಜಿಗೆ ಹೋಗುತ್ತೇನೆ ಅಂದ ದಿನಗಳಲ್ಲೆಲ್ಲ ನೀನು ಮಿರಜಿನ ದವಾಖಾನೆಗೆ ಹೋಗಿದ್ದೆ. ತಲೆಯಲ್ಲಿ ಗಡ್ಡೆ. ಮೊದಲು ಬಲಗೈ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೈ ಇರುವಷ್ಟರಲ್ಲಿ ಅದನ್ನು ಕಟ್ಟಲು ಕುಳಿತೆ.

"ಮತ್ತ ನನ್ನ ಯಾಕ ಕರೀಲಿಲ್ಲ?"

ವೈನಿ ಸೆರಗು ಸರಿ ಮಾಡಿಕೊಂಡರು. "ಸಿಟ್ಟಾಗಬ್ಯಾಡ್ರಿ ಅಣ್ಣಾರ. 'ಮಲ್ಯಾ ಬಂದ್ರ ನನ್ನ ಕೈ ನೋಡತಾನ. ಅವಂಗ ಗೊತ್ತಾದ್ರ ಕಂಪನಿ ಮುಂದಿನ ಕ್ಯಾಂಪಿಗೆ ಊರಿಗೆಲ್ಲ ಗೊತ್ತು. ನಾ ಸಾಯೂಕಿಂತ ಮೊದಲ ಅವನ ನಾಟಕದಾಗ ಸಾಯ್ತೇನಿ' ಅಂದ್ರು."

ಇದೇ ಮುಧೋಳದಲ್ಲಿ, ಪರದೆ ಬದಲಿಸುವ ಬಿಡುವಿನಲ್ಲಿ, ನೀನು ಹೆಬ್ಬೆರಳನ್ನು ವಿಮಾನದ ರೆಕ್ಕೆಗೆ ಅಂಟಿಸಿಕೊಂಡು ಡಾಕ್ಟರ ಬಳಿ ಓಡಿದ ಕಥೆಯನ್ನು ಅಭಿನಯಿಸಿ ತೋರಿಸಿದೆನಲ್ಲ, ಆ ದಿನ ನೀನು ಮೂರನೆಯ ಸಾಲಿನಲ್ಲಿದ್ದೆ. ಜನ ಕುರ್ಚಿ ಕುಟ್ಟಿ ನಕ್ಕರು. ಹೊಸ ಸಂಭಾಷಣೆ ಸೇರಿಸಿ ಇನ್ನೊಮ್ಮೆ ಹೇಳಿದೆ. ವಾಪಸು ಬರುವಾಗ ನೀನು ಕಿಟಕಿಯ ಹೊರಗೆ ನೋಡುತ್ತ, "ಛಲೋ ನಕ್ಕರು ಬಿಡು ಮಂದಿ" ಅಂದೆ. ಅದನ್ನು ಮೆಚ್ಚುಗೆ ಎಂದುಕೊಂಡಿದ್ದೆ. ಅಷ್ಟು ವರ್ಷದ ಹಿಂದೆಯೇ ನನ್ನ ಬಾಯಿಯ ಲೆಕ್ಕ ಹಾಕಿಟ್ಟಿದ್ದೆಯೇನು? ಬೈಯಬಹುದಿತ್ತು, ಕಪಾಳಕ್ಕೆ ಕೊಡಬಹುದಿತ್ತು. ಬಾಯಿ ಮುಚ್ಚು ಅಂದಿದ್ದರೆ ನಾನು ಮುಚ್ಚುತ್ತಿರಲಿಲ್ಲವೇ? ಮುಚ್ಚುತ್ತಿದ್ದೆನೋ ಇಲ್ಲವೋ... ಒಂದು ಸಲ ಕೇಳಿ ನೋಡಬೇಕಿತ್ತು ಈರಪ್ಪ.

ಎದ್ದು ಬರುವಾಗ ಖಾಲಿ ಪೆಟ್ಟಿಗೆಯಲ್ಲಿ ನಕ್ಷೆಯ ಹಾಳೆ ಕಂಡಿತು. ಹಂತ ಹಂತಕ್ಕೂ ನಿನ್ನ ಕೆಂಪು ಗುರುತು. ಮೂತಿಗೆ ಭಾರ ಹಾಕು ಎನ್ನುವ ಹಂತಕ್ಕೂ ಗುರುತು. ಹಾಕದ ಭಾರಕ್ಕೆ ಗುರುತೇ? ಹಾಳೆ ಹಿಡಿದು ವೈನಿಯನ್ನು ಕೇಳಿದೆ. ಅವರಿಗೆ ಹಂತ ಗೊತ್ತಿಲ್ಲ, ಆದರೆ ಒಂದು ದಿನ ನಡೆದದ್ದು ನೆನಪಿತ್ತು. "ಮಣಿ ಮ್ಯಾಲ ಇಟ್ಟು ನಿಮ್ಮ ಕುರ್ಚಿ ಕಡೆ ಸರಿಸಿದ್ರು. ಸರಿಸಿ ಬಾಳೊತ್ತು ಸುಮ್ನ ಕುಂತ್ರು. ಚಾ ತಂದೆ, ಕುಡೀಲಿಲ್ಲ. ಆಮ್ಯಾಲ ತಾವ ಎದ್ದು ಈ ಕಡೆ ಬಂದು ತಗೊಂಡ್ರು."

ಅಷ್ಟೇ. ಖಾಲಿ ಕುರ್ಚಿಯ ಕಡೆ ಸರಿಸಿದೆ, ಖಾಲಿ ಕುರ್ಚಿಯಿಂದ ವಾಪಸು ತೆಗೆದುಕೊಂಡೆ, ಒಡಲು ಮುಚ್ಚಿ ಅಂಟಿಸಿದೆ. ಮೂವತ್ತು ವರ್ಷದ ರೂಢಿ. ನಿನ್ನ ಬಾಯಿ ನನ್ನನ್ನು ಬರಬೇಡ ಅಂದಿತು, ನಿನ್ನ ಕೈಗೆ ಆ ಸುದ್ದಿ ಮುಟ್ಟಿರಲಿಲ್ಲ.

ಇದರಿಂದ ಸಮಾಧಾನವಾಯಿತು ಎಂದುಕೊಳ್ಳಬೇಡ. ಆಗಿಲ್ಲ. ನೀನು ಕೇಳದ ಒಂದು ಸುದ್ದಿ ನನ್ನಲ್ಲೂ ಇದೆ. ಹೋದ ದೀಪಾವಳಿಗೇ ನಾನು ಬಣ್ಣ ಬಿಟ್ಟೆ. ಯುಗಾದಿಯ ದಿನ ಡಬ್ಬಿ ಹಿಡಿದು ನಿನ್ನ ಬಾಗಿಲಲ್ಲಿ ನಿಂತು, ಗುಂಡು ಗಲಗಲ ಆಡಿಸಿ, ದೊಡ್ಡ ಪ್ರವೇಶ ಮಾಡಿ ಹೇಳಬೇಕೆಂದು ಕಾಯುತ್ತಿದ್ದೆ. ನಾನು ಪ್ರವೇಶಕ್ಕೆ ಕಾಯುತ್ತಿದ್ದ ಆ ದಿನಗಳಲ್ಲೇ ನೀನು ಒಬ್ಬನೇ ಪರದೆ ಎಳೆದುಕೊಂಡು ಕುಳಿತಿದ್ದೆ. ಯುಗಾದಿಗೆ ನೀನು ಇರಲಿಲ್ಲ.

ಕುಂತಂಥ ದೈವವೇ, ನಾಳಿನ ಸಭೆಗೆಂದು ಮನೆಯಲ್ಲಿ ಕುಳಿತು ಇಷ್ಟು ಬರೆದ ಮೇಲೆ ಕಾಗದದ ಮೊದಲ ಸಾಲುಗಳನ್ನು ಮತ್ತೆ ಓದಿದೆ. ಹಿಂದಿನವರು ಮುಂದೆ ಬನ್ನಿ ಅಂದಿದ್ದೇನೆ. ಅವನು ಯಾವುದಕ್ಕೆ ಹೆದರಿದ್ದನೋ ಅದನ್ನೇ ಮಾಡಲು ಹೊರಟಿದ್ದೆ. ನೀವಿನ್ನು ಏಳಿ. ತೀರ್ಪು ಬೇಡ.

ಈರಪ್ಪ, ಈಗ ನಾವಿಬ್ಬರೇ. ನಾಳೆ ಮುಂಜಾನೆ ಮುಧೋಳಕ್ಕೆ ಫೋನ್ ಮಾಡಿ ಸಂಜೆಯ ಸಭೆಗೆ ಬರುವುದಿಲ್ಲ ಎನ್ನುತ್ತೇನೆ. ಮೈಕು ಬೇಡ ಅಂದದ್ದು ಜನ್ಮದಲ್ಲಿ ಇದೇ ಮೊದಲು. ಆಮೇಲೆ ತಂಬಾಕಿನ ಡಬ್ಬಿ ಜೇಬಿಗೆ ಹಾಕಿಕೊಂಡು ಬನಹಟ್ಟಿಯ ಬಸ್ಸು ಹತ್ತುತ್ತೇನೆ. ನನ್ನ ಕುರ್ಚಿಯಲ್ಲೇ ಕುಳಿತು, ಮುಂದಿನ ಗಾಲಿಯ ಗೂಡಿನೊಳಗಿಂದ ಸಣ್ಣ ತೂತು ಕೊರೆದು, ಒಂದೊಂದೇ ಗುಂಡು ಬಿಡುತ್ತೇನೆ. ಮಗ್ಗ ಓಡುತ್ತಿದ್ದರೆ ಓಡಲಿ, ಭಾರ ತುಂಬಲು ಕರೆಂಟು ಹೋಗಬೇಕಿಲ್ಲ. ಆ ಗಾಲಿ ಟೇಬಲ್ ಮುಟ್ಟುವವರೆಗೆ ಬಾಯಿ ತೆರೆಯುವುದಿಲ್ಲ. ಮುಟ್ಟಿದ ಮೇಲೆ ವಿಮಾನವನ್ನು ಮಣೆಯ ಸಮೇತ ನಿನ್ನ ಕಡೆ ಸರಿಸಿ, ಮೊದಲ ಮಾತಿಗೇ ನಿನ್ನನ್ನು ಬೈಯುತ್ತೇನೆ, ಮೆಲ್ಲಗೆ, ವೈನಿಗೂ ಕೇಳಿಸದ ಹಾಗೆ.