ರೂಮಿನ ಬದಲು ಬಸ್ಸಿನ ಸೀಟು

ಕೋಡಿಹಳ್ಳಿ

ಹಾರೋಹಳ್ಳಿ ಕಾರ್ಖಾನೆಯ ಮ್ಯಾನೇಜರ್ ಅವರಿಗೆ ನಮಸ್ಕಾರ.

ಮೊನ್ನೆ ತಾನೆ ಸೈನ್ಯದಿಂದ ನಿವೃತ್ತನಾದ ನನ್ನನ್ನು ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸಕ್ಕೆ ಕರೆದಿದ್ದೀರಿ, ಸಂತೋಷ. ಬಿಡದಿಯ ಕಂಪನಿಯೊಂದು ಸಂಬಳ ಹೆಚ್ಚು ಕೊಡುತ್ತದೆ, ಆದರೆ ಅಲ್ಲೇ ಉಳಿಯಬೇಕಂತೆ. ನೀವೂ ಕಾಂಪೌಂಡಿನೊಳಗೆ ಉಚಿತ ರೂಮು ಕೊಡುವುದಾಗಿ ಬರೆದಿದ್ದೀರಿ.

ಹಿಂದೆಲ್ಲ ನಾನು ರಜೆಗೆ ಬಂದ ಮಾರನೆಯ ದಿನವೇ ನನ್ನ ಹೆಂಡತಿ ರಾಧಾಮಣಿ, ನಾನು ವಾಪಸ್ ಒಯ್ಯುವ ಡಬ್ಬಕ್ಕೆ ನಿಪ್ಪಟ್ಟು ತಟ್ಟಲು ಕೂರುತ್ತಿದ್ದಳು. ನಿಮ್ಮ ರೂಮಿನ ವಿಷಯ ಹೇಳಿದ್ದೇ ತಡ, ಅಟ್ಟದಿಂದ ಆ ಡಬ್ಬ ಇಳಿಸಿದಳು.

“ಹಾರೋಹಳ್ಳಿ ಏನು ಕಾಶ್ಮೀರವೇನೇ?” ಎಂದೆ.

“ರೂಮು ಕೊಟ್ಟವ್ರೆ ಅಂದ್ಮೇಲೆ ಯಾವೂರಾದ್ರೇನು? ನೀವು ಈ ಮನೆಗೆ ಯಾವಾಗ್ಲೂ ನೆಂಟ್ರೇ ಬುಡಿ,” ಎಂದು ನಕ್ಕಳು.

ನಾನೂ ನಕ್ಕೆ. ಹಿಟ್ಟು ಕಲಸುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ.

ಆದ್ದರಿಂದ ರೂಮನ್ನು ಬೇರೆಯವರಿಗೆ ಕೊಡಿ. ಸಂಜೆ ಕನಕಪುರಕ್ಕೆ ಬರುವ ಕಂಪನಿ ಬಸ್ಸಿನಲ್ಲಿ ನನಗೊಂದು ಸೀಟು ಸಾಕು, ಅಲ್ಲಿಂದ ಮನೆಗೆ ಬೈಕಿದೆ. ನೀವು ಒಪ್ಪಿದರೆ ನಾನು ಬಿಡದಿಯವರಿಗೆ ಬೇಡವೆಂದು ಹೇಳಿ ಸೋಮವಾರವೇ ಬರುತ್ತೇನೆ.

ನಿಪ್ಪಟ್ಟು ಹೇಗೂ ಆಗಿವೆ, ನಿಮಗೂ ತರುತ್ತೇನೆ. ಡಬ್ಬ ಮಾತ್ರ ಅವತ್ತು ಸಂಜೆಯೇ ನನ್ನ ಜೊತೆ ಮನೆಗೆ ವಾಪಸ್ ಬರಬೇಕು.

ಇಂತಿ,
ದೇವರಾಜು
ನಿವೃತ್ತ ಹವಾಲ್ದಾರ್