ಎರಡು ಸಲ ಕಾಸಿದ ಬಾಸುಂದಿ

ಅಪ್ಪಾ,

ನೀವು ಹೊಲಕ್ಕೆ ಹೋದಮೇಲೆ ಅವ್ವನ ವಾಂತಿ-ಭೇದಿ ಜೋರಾಯಿತು. ವಿಜಾಪುರದ ದವಾಖಾನೆಗೆ ಸೇರಿಸಿದ್ದೇನೆ, ಸಲಾಯಿನ್ ಹಚ್ಚಿದ್ದಾರೆ. ಅವಳ ಸೀರೆ ಒಯ್ಯಲು ಟಿಕೋಟಾಕ್ಕೆ ಬಂದೆ, ಈಗ ಮತ್ತೆ ಹೊರಟೆ.

ಅವ್ವ ಬೆಳಿಗ್ಗೆ ಎರಡು ಸಲ ಕಾಸಿ ತಿಂದು ಉಳಿದ ಬಾಸುಂದಿಯನ್ನು ಹಿತ್ತಲಲ್ಲಿ ಹೂತುಬಿಡಿ. ಮೂರನೆಯ ಸಲ ಕಾಸಿ ಪವಿತ್ರ ಮಾಡಬೇಡಿ. ನಾಯಿಗೂ ಹಾಕಬೇಡಿ, ಅದು ನಿಮ್ಮನ್ನು ನಂಬುವ ಪ್ರಾಣಿ.

"ಅಕಿ ಸರಿಯಾಗಿ ಕಾಸಿಲ್ಲ, ಅದಕ್ಕ ಹಿಂಗಾಗೇತಿ" ಎಂದು ಬೈದು ಹೋದಿರಲ್ಲ, ಅದನ್ನೇ ಡಾಕ್ಟರಿಗೆ ಹೇಳಿದೆ. ಅವರು ನಕ್ಕರು. ಕಾಸಿದರೆ ಕ್ರಿಮಿಗಳು ಸಾಯುತ್ತವಂತೆ. ಆದರೆ ಅವು ರಾತ್ರಿಯೆಲ್ಲ ಸೆಖೆಯಲ್ಲಿ ಬೆಳೆದು ಹಾಲಿನೊಳಗೆ ಬಿಟ್ಟ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲವಂತೆ. ಆಮೇಲೆ ಕೇಳಿದರು: "ಅದನ್ನ ಮುಟ್ಟಿದವರ ಕೈಯಾಗ ಕೀವಿನ ಗಾಯ ಇತ್ತೇನು?"

ನಿನ್ನೆ ಬಬಲೇಶ್ವರದಲ್ಲಿ ಬಸುರಿ ಅಕ್ಕನ ಕುಬಸದಲ್ಲಿ, ಯಾರನ್ನೂ ನಂಬದೆ, ಉಗುರುಸುತ್ತಿನ ಬೆರಳನ್ನೇ ಅದ್ದಿಕೊಂಡು ಬಾಸುಂದಿಯ ಡಬ್ಬಿ ತುಂಬಿದವರು ನೀವು. ಇವತ್ತು ಸೋಮವಾರದ ಉಪವಾಸವೆಂದು ಒಂದು ಚಮಚವೂ ತಿನ್ನದೆ ಪಾರಾದವರೂ ನೀವೇ.

ಸಂಜೆ ಎಮ್ಮೆ ಹಿಂಡಲು ಧೂಳಪ್ಪನನ್ನು ಕರೆಯಿರಿ. ಆ ಬೆರಳು ಕೆಚ್ಚಲಿಗೆ ತಾಗಕೂಡದು.

ಅವ್ವ ಮಲಗಿದಲ್ಲೇ, "ಒಲಿ ಸಣ್ಣ ಮಾಡಿದ್ದೆ ಬೇ, ತಪ್ಪು ನಂದ ಐತಿ" ಎಂದು ದವಾಖಾನೆಗೆ ಜೊತೆಗೆ ಬಂದಿರುವ ನೆರೆಮನೆಯ ಸತ್ಯವ್ವನ ಮುಂದೆ ಅಳುತ್ತಿದ್ದಾಳೆ. ನಾನು ಹೇಳಿದರೂ, ಡಾಕ್ಟರು ಹೇಳಿದರೂ ಕೇಳುತ್ತಿಲ್ಲ. ಮೂವತ್ತು ವರ್ಷ ನಿಮ್ಮ ಮಾತೊಂದನ್ನೇ ನಂಬಿದವಳು.

ಐದರ ಬಸ್ಸಿಗೆ ಬನ್ನಿ. ಹಣ್ಣು ತರಬೇಡಿ, ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ತಪ್ಪು ಅವಳದಲ್ಲ ಎಂದು, ಸತ್ಯವ್ವನಿಗೂ ಕೇಳುವಷ್ಟು ಗಟ್ಟಿಯಾಗಿ, ಬೆಳಿಗ್ಗೆ ಬೈದ ಬಾಯಿಂದಲೇ ಹೇಳಿ.

ಸಿದ್ದರಾಯ