ಕೆಂಪು ಗೆರೆ ಮೂಡಲಿಲ್ಲ

ಅಕ್ಟೋಬರ್ 9, ಬೆಳಿಗ್ಗೆ

ಸಂಶೋಧನಾ ಕೇಂದ್ರದ ಉಗ್ರಾಣದ ಹೀಟರ್ ಸರಿಯಾಗಿದೆ. ತೇವವೂ ಸಾಕಷ್ಟಿದೆ. ಆದರೂ ಮೊಂಡಿಯ ಕ್ರೇಟುಗಳ ಹತ್ತಿರ ಹೋದರೆ ಹುಳಿ ವಾಸನೆ. ಕೆಳಗಿನ ಕ್ರೇಟಿಗೆ ಕೈ ಹಾಕಿದೆ — ಬೆರಳು ಆಲೂಗಡ್ಡೆಯೊಳಕ್ಕೇ ಇಳಿಯಿತು. ಪಕ್ಕದ ತಳಿ ಕಲ್ಲಿನ ಹಾಗಿದೆ. ಒಂದೇ ದಿನ ಅಗೆದದ್ದು, ಒಂದೇ ಕೋಣೆ.

ಮೊಂಡಿ ಅಂದರೆ ನನಗೆ ಈ ಕೆಲಸ ಕಲಿಸಿದ ಮೇಷ್ಟ್ರು ಬೆಳೆಸಿದ ತಳಿ. ರೋಗ ಬಂದು ಇಡೀ ಹೊಲ ಕಪ್ಪಾಗಿ ಮಲಗಿದ ವರ್ಷ ಇದೊಂದೇ ಗಿಡ ಎದ್ದು ನಿಂತಿತ್ತಂತೆ. ಅದಕ್ಕೇ ಆ ಹೆಸರು. ಅವರು ಹಾಸಿಗೆ ಹಿಡಿದ ಮೇಲೆ ನನ್ನ ಕೈಗೆ ಬಂತು. ನನ್ನ ಕೈಯಲ್ಲೇ ಹೀಗಾಗಬೇಕಾ...

ಅಕ್ಟೋಬರ್ 11

ಗಾಯವಾದ ಜಾಗದಿಂದ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಪಕ್ಕದ ತಳಿಯಲ್ಲಿ ಗಾಯದ ಉದ್ದಕ್ಕೂ ಕೆಂಪು ಗೆರೆ. ಅಂದರೆ ಸುಬೆರಿನ್ ಕಟ್ಟಿದೆ. ಮೊಂಡಿಯಲ್ಲಿ ಗೆರೆ ಇಲ್ಲ. ಹೊಸದಾಗಿ ಕೊಯ್ದು ಮತ್ತೆ ಹಾಕಿದೆ. ಇಲ್ಲ.

ಊಟಕ್ಕೆ ಕೂತಾಗ ಇವರು ಕೇಳಿದರು. "ಸುಬೆರಿನ್ ಅಂದ್ರೇನೇ?"

"ಬಾಟಲಿಯ ಕಾರ್ಕ್ ಬಿರಡೆಯೊಳಕ್ಕೆ ನೀರು ಇಳಿಯಲ್ಲ ಅಲ್ವಾ, ಅದು ಅದರಲ್ಲಿರೋ ಮೇಣದಂಥ ಪದಾರ್ಥದಿಂದ. ಆಲೂಗಡ್ಡೆಗೆ ಗಾಯ ಆದ್ರೂ ಅದನ್ನೇ ಕಟ್ಕೊಳ್ಳುತ್ತೆ. ಇಲ್ಲದಿದ್ರೆ ಕೊಳೆ ರೋಗ ಒಳಗೆ ಹೊಕ್ಕುಬಿಡುತ್ತೆ."

"ಹಂಗಾದ್ರೆ ಮೇಲಿಂದ ಒಂದು ಕೋಟ್ ಹೊಡೆದುಬಿಡು."

ಪೇಂಟರ್ ಗಂಡ. ತಮಾಷೆಗೆ ಅಂದದ್ದಲ್ಲ, ನಿಜಕ್ಕೂ ದಾರಿ ತೋರಿಸಿದ್ದು. ನಕ್ಕೆ.

ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಮೇಷ್ಟ್ರು ಕೈಯಲ್ಲೇ ಅಗೆದು, ಕೂಸನ್ನು ಎತ್ತಿದ ಹಾಗೆ ಎತ್ತಿ ಇಡುತ್ತಿದ್ದರು. ಗಾಯವೇ ಆಗುತ್ತಿರಲಿಲ್ಲ. ಯಂತ್ರದಲ್ಲಿ ಅಗೆದದ್ದು ಈ ವರ್ಷವೇ ಮೊದಲು.

ಅಕ್ಟೋಬರ್ 12, ಸಂಜೆ

ಮೇಷ್ಟ್ರ ಮನೆ. ಅವರ ಹೆಂಡತಿ, ನಾನು ಅಮ್ಮಾ ಅನ್ನೋದು, ಗೇಟಿನಲ್ಲೇ ಹಿಡಿದು ನಿಲ್ಲಿಸಿದರು.

"ಜನವರಿವರೆಗೆ ಇದ್ರೆ ಹೆಚ್ಚು ಅಂದಿದ್ದಾರೆ ಡಾಕ್ಟರ್. ಕೆಟ್ಟ ಸುದ್ದಿ ಏನಿದ್ರೂ ಚಪ್ಪಲಿ ಜೊತೆ ಇಲ್ಲೇ ಬಿಟ್ಟು ಬಾಮ್ಮ."

ಒಳಗೆ ಹೋದೆ. ಮುಂದಿನ ಕೋಣೆಯಲ್ಲೇ ಮಂಚ. ಮೇಷ್ಟ್ರು ಅರ್ಧ ಆಗಿದ್ದಾರೆ.

"ಹೇಗಿದ್ದಾಳೆ ನಮ್ಮ ಮೊಂಡಿ?"

"ಚೆನ್ನಾಗಿದ್ದಾಳೆ ಸಾರ್."

ತೋರಿಸೋಣ ಅಂತ ಇದ್ದುದರಲ್ಲೇ ನುಣುಪಾದ ಒಂದನ್ನು ತಂದಿದ್ದೆ. ಅಂಗೈಯಲ್ಲಿಟ್ಟು ತಿರುಗಿಸಿದರು. ನನ್ನ ಮುಖ ನೋಡಿದರು. ಆಮೇಲೆ ಹೆಬ್ಬೆರಳಿನ ಉಗುರಿನಿಂದ ಅದರ ಮೈಮೇಲೆ ಉದ್ದಕ್ಕೆ ಗೀರಿದರು.

"ಇಲ್ಲೇ ಕಿಟಕಿ ಮೇಲಿರಲಿ."

ಬೇಡ ಅನ್ನೋದಾದರೂ ಹೇಗೆ? ಯಾಕೆ ಅಂತ ಕೇಳುತ್ತಿದ್ದರು.

ಅಕ್ಟೋಬರ್ 20

ಅರ್ಧ ಉಗ್ರಾಣ ಹೋಯಿತು. ಬಿಸಿ ಹೆಚ್ಚಿಸಿ ನೋಡಿದೆ, ಗಾಳಿ ಹೆಚ್ಚಿಸಿ ನೋಡಿದೆ. ಕೊಳೆತದ್ದು ಆರಿಸಿ ಎಸೆದಷ್ಟೂ ಬೆಳಿಗ್ಗೆ ಹೊಸದು. ಡೈರೆಕ್ಟರ್ ಬಂದು ಮೂಗು ಮುಚ್ಚಿಕೊಂಡು ನಿಂತರು. ಬೈಯಲಿಲ್ಲ. "ಯಂತ್ರ ತಡೆಯದ ಗೆಡ್ಡೆಯನ್ನ ಯಾವ ರೈತ ತಗೋತಾನಮ್ಮ?" ಅಂದರು. ಸರಿಯಾದ ಮಾತು. ಬೈದಿದ್ದರೆ ಜಗಳಕ್ಕಾದರೂ ಬೀಳಬಹುದಿತ್ತು.

ಅಕ್ಟೋಬರ್ 21

ಅಮ್ಮನ ಫೋನ್. ಪಿಸುಮಾತು. "ಕಿಟಕಿ ಮೇಲಿರೋದು ನೀರು ಬಿಡ್ತಿದೆ. ಅವರು ನಿದ್ದೆ ಹೋಗಿದ್ರು. ಅಡುಗೆಮನೆಯಿಂದ ಅಂಥದ್ದೇ ಒಂದು ತಂದಿಟ್ಟಿದ್ದೀನಿ. ಉಗುರಲ್ಲಿ ಗೀರಿದ್ದೀನಿ ಕೂಡ."

"ಅಮ್ಮಾ, ಅವರಿಗೆ ಗೊತ್ತಾಗುತ್ತೆ."

"ಆಲೂಗಡ್ಡೆಗೆ ಏನು ಮುಖ ಇರುತ್ತಾ?"

ಅಕ್ಟೋಬರ್ 26, ಸಂಜೆ

ಹೋಗದೆ ಇರಲಾಗಲಿಲ್ಲ.

ಅಮ್ಮ ಕಾಫಿಗೆ ಅಂತ ಒಳಗೆ ಹೋದರು. ಮೇಷ್ಟ್ರು ಕಿಟಕಿ ಕಡೆ ಕೈ ತೋರಿಸಿದರು. ಗೀರು ಒಣಗಿ ಗಟ್ಟಿಯಾಗಿ ಕಂದು ಹಕ್ಕಳೆ ಕಟ್ಟಿತ್ತು.

"ಗಾಯ ಚೆನ್ನಾಗಿ ಮಾಗಿದೆ ಅಲ್ವಾ?"

"ಹೌದು ಸಾರ್."

"ನಮ್ಮ ಮೊಂಡಿಗೆ ಕಣ್ಣು ಇಷ್ಟು ಆಳ ಇಲ್ಲ." ತಗ್ಗಿದ ದನಿ. "ಇವಳು ಅಡುಗೆಮನೆಯವಳು."

ತಲೆ ತಗ್ಗಿಸಿದೆ.

"ಎಷ್ಟು ಹೋಯ್ತು?"

ಹೇಳಿದೆ. ಎಲ್ಲ ಹೇಳಿದೆ. ಕೆಂಪು ಗೆರೆ ಇಲ್ಲದ್ದು, ಡೈರೆಕ್ಟರ್ ಮಾತು. ಕಣ್ಣು ಮುಚ್ಚಿಕೊಂಡು ಕೇಳಿದರು. ಹೊದಿಕೆಯ ಅಂಚನ್ನು ಹಿಂಡುತ್ತಾ ಇದ್ದರು.

"ಕೈಯಲ್ಲಿ ಅಗೆದು ಅಗೆದು ನಾನೇ ಮುದ್ದು ಮಾಡಿಟ್ಟೆ." ಅಡುಗೆಮನೆ ಕಡೆ ನೋಡಿ, "ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡ. ಪಾಪ, ಕಷ್ಟಪಟ್ಟು ಗೀರಿದ್ದಾಳೆ."

ಅಮ್ಮ ಕಾಫಿ ತಂದರು. ಮೂವರೂ ಕುಡಿದೆವು. ಆಲೂಗಡ್ಡೆ ಎಷ್ಟು ಚೆನ್ನಾಗಿದೆ ಅಂತ ಮೇಷ್ಟ್ರು ಅಮ್ಮನ ಮುಂದೆ ಹೊಗಳಿದರು.

ನವೆಂಬರ್ 6

ಗಾಯವಾಗದ ನಾಲ್ಕಾರು ಮೊಂಡಿ ಗೆಡ್ಡೆ ಬೀಜಕ್ಕೆ ತೆಗೆದಿಟ್ಟು, ಉಳಿದದ್ದನ್ನು ಗುಂಡಿ ತೋಡಿಸಿ ಸುರಿದು ಮುಚ್ಚಿದ್ದಾಯಿತು. ಉಗ್ರಾಣ ತೊಳೆಸಿದೆ. ವಾಸನೆ ಬಟ್ಟೆಯಲ್ಲೇ ಉಳಿದಿದೆ, ಎಷ್ಟು ಒಗೆದರೂ. ಇವರು ಪಾತ್ರೆ ತೊಳೆದಿಟ್ಟಿದ್ದರು.

ನವೆಂಬರ್ 8

ಮೇಷ್ಟ್ರೇ ಹೇಳಿ ಕಳಿಸಿದ್ದರು. ದಿಂಬಿಗೆ ಒರಗಿ ಕೂತಿದ್ದರು. ಮುಖದಲ್ಲಿ ಕಳೆ ಇತ್ತು — ಅದನ್ನು ನೋಡೋದೇ ಕಷ್ಟವಾಯಿತು.

"ದಪ್ಪ ಸಿಪ್ಪೆಯ ಹಳೇ ತಳಿ ಇದೆಯಲ್ಲ, ಅದರ ಹೂವಿಗೆ ಮೊಂಡಿಯ ಪರಾಗ ಹಾಕು. ಬೀಜ ಬರಲಿ. ಒಂದೊಂದು ಸಸಿಯ ಗೆಡ್ಡೆಗೂ ಗಾಯ ಮಾಡಿ ನೋಡು. ಮೊದಲೇ ನೋಡು, ನನ್ನ ಹಾಗೆ ಕೊನೆಗಲ್ಲ."

"ಆಗಲಿ ಸಾರ್."

"ಮಾರ್ಚಿನಲ್ಲಿ ನೆಟ್ರೆ ಹೂವು ಯಾವಾಗ?"

ಈ ಲೆಕ್ಕ ನನಗೆ ಕಲಿಸಿದವರೇ ಅವರು. "ಜೂನ್ ಹತ್ತಿರ, ಸಾರ್."

ಅಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಮೇಷ್ಟ್ರು ಬೆರಳು ಮಡಚತೊಡಗಿದರು. ಡಿಸೆಂಬರ್. ಜನವರಿ. ಮೂರನೇ ಬೆರಳಿಗೆ ಬಂದು ನಿಲ್ಲಿಸಿ, ನನ್ನ ಕಡೆ ತಿರುಗಿ, "ಉಳಿದದ್ದು ನೀನೇ ಎಣಿಸ್ಕೋಬೇಕು" ಅಂದರು.